ಗುಡ್ಡದ ಮೇಲೆ ಕಟ್ಟಿದ ಮನೆಗಳು

ನಾನು ಹಿಟ್ಟಿನ ಗಿರಣಿಯವಳು. ಹೊಸದುರ್ಗದಲ್ಲಿ ನಾವು ಬಾಡಿಗೆಗಿರುವ ವಠಾರದ ಮುಂಭಾಗದಲ್ಲೇ ನಮ್ಮ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ಮಷಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಮೆಲ್ಲಗೆ ಮಾತಾಡುವುದೇ ನನಗೆ ಮರೆತುಹೋಗಿದೆ. ಸಾವಿನ ಮನೆಗೆ ಹೋಗಿ "ಹೆಂಗಾತು?" ಎಂದು ನಾನು ಕೇಳಿದರೆ ಎದುರು ಸಾಲಿನವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ನನ್ನ ಗಂಡ ಇದನ್ನೆಲ್ಲ ಸಹಿಸಿಕೊಂಡಿದ್ದಾರೆ, ಯಾಕೆಂದರೆ ಅವರಿಗೆ ಕಿವಿ ಅಷ್ಟಾಗಿ ಕೇಳುವುದಿಲ್ಲ. ಅದೂ ಗಿರಣಿಯ ಕೃಪೆಯೇ.

ಈ ಗಂಟಲಿಗೆ ಬೆಲೆ ಕೊಟ್ಟವಳು ಒಬ್ಬಳೇ, ಪಕ್ಕದ ಮನೆಯವಳು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ನನಗಿಂತ ಚಿಕ್ಕವಳು, ಅಕ್ಕ ಅನ್ನುತ್ತಾಳೆ. ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಡಾಕ್ಟರು ನಡೆಯಿರಿ ಎಂದಾಗ, ಆಸ್ಪತ್ರೆ ಮುಂದಿನ ಮೈದಾನದಲ್ಲಿ ಸುತ್ತು ಹಾಕುವುದು ನನಗೆ ಒಗ್ಗಲಿಲ್ಲ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವುದಾದರೆ ಹೋಗುವುದಾದರೂ ಯಾಕೆ? ಆಗ ಅವಳೇ ಒಂದು ದಾರಿ ತೋರಿಸಿದಳು. ಅವಳ ತವರು ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ಕಡೆ ಒಂದು ಹಳ್ಳಿ. "ನಮ್ಮೂರ ಗುಡ್ಡ ಹತ್ತಾಣ ಬಾ ಅಕ್ಕ. ಒಬ್ಳೇ ಹೋಗಾಕೆ ನನಗೆ ಭಯ, ಕರಡಿ ಅವೆ. ನೀನು ಮಾತಾಡ್ತಾ ಬಂದ್ರೆ ಸಾಕು, ಒಂದೂ ಹತ್ರಕ್ಕೆ ಬರಲ್ಲ" ಎಂದಳು.

ನನ್ನ ಬಾಯಿಗೆ ಜೀವನದಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು. ಆವತ್ತಿನಿಂದ ಭಾನುವಾರ ಬಂತೆಂದರೆ ಗಿರಣಿಗೆ ಬೀಗ. ಕ್ಯಾನ್ವಾಸ್ ಶೂ, ಮೇಲೆತ್ತಿ ಸಿಕ್ಕಿಸಿದ ಸೀರೆ, ಒಂದು ಡಬ್ಬಿ ಒಗ್ಗರಣೆ ಮಂಡಕ್ಕಿ. ಬಸ್ಸಿನ ಕಂಡಕ್ಟರ್ ನಮ್ಮ ಕಾಲನ್ನೇ ನೋಡುತ್ತಾ "ಎಲ್ಲಿಗೆ ಹೊಂಟ್ರಿ, ಓಟಕ್ಕೇನ್ರಿ?" ಎಂದು ಕೇಳಿದರೆ ನಾನು ಸುಮ್ಮನಿರುವವಳೇ? "ಹೌದಪ್ಪ, ನಿನ್ನ ಬಸ್ಸಿಗಿಂತ ಮುಂಚೆ ಊರು ಸೇರ್ತೀವಿ" ಎನ್ನುತ್ತಿದ್ದೆ.

ಮೊದಲು ನಾವು ನಡೆಯುತ್ತಿದ್ದದ್ದು ನೀರಿನ ಅಂಚಿನ ಕಾಲುದಾರಿಯಲ್ಲಿ. ಡ್ಯಾಮು ಕೋಡಿ ಬಿದ್ದ ವರ್ಷ ಆ ದಾರಿ ನೀರಿನೊಳಗೆ ಹೋಯಿತು. ಊರೆಲ್ಲ ಖುಷಿಪಟ್ಟಿತು, ನಾವೂ ಪಟ್ಟೆವು. ಆಮೇಲೆ ಬಂಡೆಗಳ ನಡುವೆ ಹೊಸ ದಾರಿ ಹುಡುಕಿಕೊಳ್ಳಬೇಕಾಯಿತು. ಆ ಗುಡ್ಡದಲ್ಲಿ ಬಂಡೆಗಳೆಲ್ಲ ಒಂದೇ ಥರ. ಯಾವ ಬಂಡೆಗೆ ಎಡಕ್ಕೆ ತಿರುಗಿದೆವು, ಯಾವ ಕಾರೆ ಮುಳ್ಳಿನ ಪೊದೆಗೆ ಸೀರೆ ಸಿಕ್ಕಿಸಿಕೊಂಡೆವು, ಒಂದೂ ಗೊತ್ತಾಗುತ್ತಿರಲಿಲ್ಲ. ನಾನು ತಲೆ ಓಡಿಸಿ ತಿರುವಿಗೊಂದರಂತೆ ಚಪ್ಪಟೆ ಕಲ್ಲು ಆರಿಸಿ, ಒಂದರ ಮೇಲೊಂದು ಪೇರಿಸಿ ಗುರುತು ಇಟ್ಟೆ. ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಕಣ್ಣು ಮುಚ್ಚಿಕೊಂಡು ಹತ್ತಿ ಇಳಿಯಬಹುದಿತ್ತು. ನನ್ನ ಜಾಣತನವನ್ನು ಬಸ್ಸಿನಲ್ಲೂ ಗಿರಣಿಯಲ್ಲೂ ಒಂದಿಷ್ಟು ಸಾರಿದೆ ಕೂಡ.

ಅಷ್ಟರಲ್ಲಿ ವಠಾರದ ಓನರ್ ಬಂದು ಯುಗಾದಿ ಹೊತ್ತಿಗೆ ಎಲ್ಲರೂ ಖಾಲಿ ಮಾಡಬೇಕೆಂದರು. ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಗಿರಣಿಗೆ ಬೇರೆ ಜಾಗ ಹುಡುಕಬೇಕು, ಅದು ಹೇಗೋ ಆದೀತು. ನನ್ನ ನಿದ್ದೆ ಕೆಡಿಸಿದ್ದು ಬೇರೆ ಮಾತು. ಪಕ್ಕದ ಮನೆಯವಳ ಗಂಡನ ಕೆಲಸ ಚಿತ್ರದುರ್ಗದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಇನ್ನು ಅಲ್ಲೇ ಮನೆ ಮಾಡೋಣವೆಂದು ಅವನು ಹೇಳಿದ್ದು ಗೋಡೆಯಾಚೆಯಿಂದ ನನಗೇ ಕೇಳಿಸಿತ್ತು. ಅವಳು ಹೋದರೆ ನನ್ನ ಭಾನುವಾರ ಹೋಯಿತು. ನಾನು ಅದನ್ನು ಅವಳ ಹತ್ತಿರ ಕೇಳಲಿಲ್ಲ. ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುವ ನನಗೆ ಆ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಆ ಗಡಿಬಿಡಿಯಲ್ಲಿ ಕೆಲವು ಭಾನುವಾರ ತಪ್ಪಿತು. ಅವಳೊಬ್ಬಳೇ ನಡುವೆ ತವರಿಗೆ ಹೋಗಿ ಬಂದಿದ್ದಳು. ಮತ್ತೆ ಇಬ್ಬರೂ ಸೇರಿ ಹೋದ ದಿನ ಗುಡ್ಡ ಹತ್ತಿ ನೋಡಿದರೆ ಎಲ್ಲೆಲ್ಲೂ ನನ್ನ ಗುರುತುಗಳೇ! ಬಲಕ್ಕೆ ಪೇರಿಸಿದ ಕಲ್ಲು, ಎಡಕ್ಕೆ ಪೇರಿಸಿದ ಕಲ್ಲು, ಬಂಡೆಯ ನೆತ್ತಿಯ ಮೇಲೂ ಪೇರಿಸಿದ ಕಲ್ಲು. ಒಂದನ್ನು ನಂಬಿ ಹೋದೆವು, ಮುಳ್ಳಿನ ಪೊದೆಗೆ ಹೋಗಿ ನಿಂತೆವು. ಇನ್ನೊಂದನ್ನು ನಂಬಿ ಹೋದೆವು, ಮುಂದೆ ಬರೀ ಆಳ, ಕೆಳಗೆ ನೀರು. ಕರೆಂಟು ತೆಗೆಯುವ ಗಾಳಿ ಮಷಿನ್ನುಗಳ ರೆಕ್ಕೆಗಳು ದೂರದಲ್ಲಿ ಆರಾಮಾಗಿ ತಿರುಗುತ್ತಿದ್ದವು, ನಾವೂ ತಿರುಗಿದ್ದೇ ತಿರುಗಿದ್ದು.

"ಯಾವನ್ಲೇ ಇದನ್ನ ಮಾಡಿದ್ದು?" ಎಂದು ನಾನು ಗುಡ್ಡ ನಡುಗುವ ಹಾಗೆ ಕೂಗಿದೆ.

ಬಂಡೆಯ ಹಿಂದಿನಿಂದ ಗಂಡ ಹೆಂಡತಿ ಇಬ್ಬರು ಎದ್ದು ನಿಂತರು. ಹಿರಿಯೂರಿನವರು, ಡ್ಯಾಮು ನೋಡಲು ಬಂದವರು. ಹೆಂಗಸಿನ ಕೈಯಲ್ಲಿ ಕಲ್ಲಿತ್ತು. ನಮ್ಮ ಕಡೆಯವರಿಗೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು ಕಂಡರೆ ಇನ್ನೊಂದು ಅರ್ಥ ಹೊಳೆಯುವುದೇ ಇಲ್ಲ. ಅದು ಸ್ವಂತ ಮನೆಯಾಗಲಿ ಎಂಬ ಹರಕೆ. ನಾನೇ ಎಷ್ಟು ದೇವರ ಗುಡ್ಡಗಳಲ್ಲಿ ಪೇರಿಸಿಲ್ಲ! ದಾರಿ ಗುರುತು ಮಾಡುವಾಗ ಮಾತ್ರ ಅದು ನೆನಪಾಗಿರಲಿಲ್ಲ.

"ಕುಂತ್ಕಳ್ರಿ ಅಮ್ಮಾ, ಸುಸ್ತಾಗೀರಿ" ಎಂದಳು ಆ ಹೆಂಗಸು. "ನೀವೂ ಕಟ್ರಿ. ಈ ಜಾಗ ಭಾಳ ಪವರ್ ಐತಂತೆ. ಹೊಸದುರ್ಗದ ಗಿರಣಿ ಅಮ್ಮ ಒಬ್ರು ಮೊದ್ಲು ಕಟ್ಟಿದ್ರಂತೆ, ವರ್ಷದಾಗೆ ಮೂರಂತಸ್ತಿನ ಮನೆ ಆತಂತೆ ಅವರಿಗೆ."

ನನ್ನ ಜೊತೆಗಾರ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗುವ ಗಿರಣಿ ಅಮ್ಮನಿಗೆ ಮೂರಂತಸ್ತು! "ಮೂರಲ್ಲಮ್ಮ, ನಾಲ್ಕು. ಲಿಫ್ಟೂ ಐತೆ" ಎಂದೆ. ಅವರು ಇನ್ನೂ ಭಕ್ತಿಯಿಂದ ಮತ್ತೊಂದು ಕಲ್ಲಿಟ್ಟು ಇಳಿದುಹೋದರು.

ಅವರು ಮರೆಯಾದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ದಾರಿ ತಪ್ಪಿದ ಸಿಟ್ಟೋ, ಓನರ್ ಮೇಲಿನದೋ, ಚಿತ್ರದುರ್ಗದ ಮೇಲಿನದೋ, ಎಲ್ಲ ಕಲಸಿಹೋಗಿತ್ತು. ದಾರಿಯಲ್ಲದ ಕಡೆ ಇರುವುದನ್ನೆಲ್ಲ ಕೆಡವಿಯೇ ಬಿಡುತ್ತೇನೆಂದು ಹೊರಟೆ. ಅವರಿವರ ಮನೆ ಮುರಿಯಲು ಮನಸ್ಸು ಬರಲಿಲ್ಲ, ಹಾಗಾಗಿ ಬಯ್ಯುತ್ತಾ ಒಂದೊಂದನ್ನೇ ದಾಟುತ್ತಿದ್ದೆ. ಕೊನೆಗೆ ಒಂದು ಕಂಡಿತು. ಅದು ಪೇರಿಸಿದ್ದಲ್ಲ, ಕಟ್ಟಿದ್ದು. ನಾಲ್ಕು ಕಡೆ ಗಿಡ್ಡ ಕಲ್ಲು, ಮೇಲೆ ಚಪ್ಪಡಿ, ಅದರ ಮೇಲೆ ಮತ್ತೆ ನಾಲ್ಕು ಕಲ್ಲು, ಮತ್ತೆ ಚಪ್ಪಡಿ. ಪಕ್ಕದಲ್ಲಿ ಚೂರು ಕಲ್ಲುಗಳ ಮೆಟ್ಟಿಲು ಬೇರೆ. ಸರಿಯಾಗಿ ನಮ್ಮ ತಿರುವಿನಲ್ಲೇ ಕೂತಿತ್ತು. "ಇದ್ಯಾರದು ಬಂಗಲೆ, ದಾರೀಗೇ ಅಡ್ಡ!" ಎಂದು ಕಾಲೆತ್ತಿದೆ.

"ಅದೊಂದು ಬಿಡಕ್ಕ" ಎಂದಳು ಅವಳು.

ತಿರುಗಿ ನೋಡಿದೆ. ಅವಳ ಮುಖ ಕೆಂಪಾಗಿತ್ತು. ತವರಿಗೆ ಬಂದಾಗ ಕಟ್ಟಿದ್ದಂತೆ, ಹಾಡಹಗಲಲ್ಲಿ, ಕರಡಿಗೆ ಹೆದರಿ ತಾನೇ ಹಾಡು ಹೇಳಿಕೊಳ್ಳುತ್ತಾ. ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದೆ.

"ಚಿತ್ರದುರ್ಗದಾಗೋ?" ಎಂದು ಕೇಳಿದೆ. ಅಷ್ಟು ದಿನ ಗಂಟಲಲ್ಲೇ ಕೂತಿದ್ದ ಮಾತು ಹೊರಬಂದೇಬಿಟ್ಟಿತು.

"ಯಾರಂದ್ರು? ನಮ್ಮನೆಯೋರು ಹೋಗಾಣ ಅಂದ್ರು, ನಾನು ಒಲ್ಲೆ ಅಂದೆ. ಹೊಸದುರ್ಗದಾಗೇ ನೋಡ್ತಾ ಇದೀವಿ." ಅವಳು ಕುಕ್ಕರುಗಾಲಲ್ಲಿ ಕೂತು ಸರಿದಿದ್ದ ಚಪ್ಪಡಿಯನ್ನು ನೆಟ್ಟಗೆ ಮಾಡಿದಳು. "ಕೆಳಗಿಂದು ನಮ್ದು. ಮೇಲಿಂದು ನಿಂದು."

ಏನೂ ತೋಚದಿದ್ದಾಗ ನನಗೆ ಬರುವುದು ಜಗಳವೇ. "ನನ್ನ ಮೊಣಕಾಲಿಗೆ ಮಹಡಿ ಬೇರೆ ಕೇಡು! ನೀನು ಮೇಲಿರು, ನಾನು ಕೆಳಗಿರ್ತೀನಿ" ಎಂದೆ.

"ಹೊಲಿಗೆ ಹಾಕ್ಸಾಕೆ ಬರೋರು ಮಹಡಿ ಹತ್ತಲ್ಲ ಅಕ್ಕ. ನೀನು ಹತ್ತೀಯ. ವಾರ ವಾರ ಗುಡ್ಡ ಹತ್ಸಿದ್ದು ಸುಮ್ನೆ ಅನ್ಕಂಡ್ಯಾ?"

ಮಹಡಿಯ ಮೇಲೆ ಗಿರಣಿ ಇಟ್ಟರೆ ಮನೆಯೇ ಅಲ್ಲಾಡುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ನಾನು ಒಂದು ದುಂಡು ಕಲ್ಲು ಹುಡುಕಿ ತಂದು, ಆ ಮನೆಯ ಪಕ್ಕದಲ್ಲಿ ನೆಲಕ್ಕೆ ಕೂರಿಸಿ ಅದುಮಿದೆ. ಅದು ಗಿರಣಿ. ಅವಳು ಅದನ್ನು ನೋಡಿ, ಮೆಟ್ಟಿಲಿನ ಕಡೆಯಿಂದ ಸ್ವಲ್ಪ ಆಚೆ ಸರಿಸಿದಳು. ಹಿಟ್ಟು ಹಾರಿ ಬಟ್ಟೆಯ ಮೇಲೆ ಬೀಳುತ್ತದಂತೆ.

ಯುಗಾದಿ ಇನ್ನೂ ಬಂದಿಲ್ಲ, ಮನೆಯೂ ಸಿಕ್ಕಿಲ್ಲ. ಆವತ್ತು ನಾವು ಗುರುತುಗಳ ಸಹವಾಸವೇ ಬೇಡವೆಂದು ನೀರು ಕಾಣುವ ಕಡೆಗೆ ನೇರ ಇಳಿದು, ಕೆಸರು ತುಳಿಯುತ್ತಾ ದಡ ಹಿಡಿದು ಊರು ಸೇರಿದೆವು. ಇಳಿಯುವಾಗ ಅವಳು ಮುಂದೆ, ನಾನು ಹಿಂದೆ. ನನ್ನ ಕಣ್ಣು ಮಂಜಾಗಿ, ಎಲ್ಲಿ ಕಾಲಿಡಬೇಕೆಂದು ನೋಡಿಕೊಳ್ಳುವುದೇ ಕಷ್ಟವಾಗಿತ್ತು. ಅರ್ಧ ಗುಡ್ಡ ಇಳಿದ ಮೇಲೆ ಅವಳು ಗಾಬರಿಯಿಂದ ಹಿಂತಿರುಗಿ ನೋಡಿದಳು.

"ಯಾಕಕ್ಕ ಸುಮ್ನಾದೆ? ಏನಾದ್ರೂ ಮಾತಾಡು. ಕರಡಿ ಬರ್ತಾವೆ."