ಗಂಟಲು ಕಟ್ಟಿದ ಕಂಪ್ಯೂಟರ್

ಪರದೆಯನ್ನು ಎಂದೂ ಕಾಣದವರಿಗೆ ಕಂಪ್ಯೂಟರಿನ ಹೊಸ ಆಪರೇಟಿಂಗ್ ಸಿಸ್ಟಮ್ ಹೇಗಿರುತ್ತದೆ? ನೀರು ಸರಬರಾಜು ಕಚೇರಿಯ ಅಷ್ಟೂ ಯಂತ್ರಗಳಿಗೆ ಅದನ್ನು ಹಾಕಿ ಮುಗಿಸಿದ ತಂತ್ರಜ್ಞನಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಉಳಿದವರ ಆಕ್ಷೇಪಣೆಗಳು ಅವನಿಗೆ ಬಾಯಿಪಾಠವಾಗಿದ್ದವು: ಬಣ್ಣ ಕಣ್ಣಿಗೆ ಚುಚ್ಚುತ್ತದೆ, ಗುಂಡಿಗಳು ಜಾಗ ಬದಲಿಸಿವೆ, ಕಡತಗಳು ಎಲ್ಲಿ ಅಡಗಿವೆಯೋ ತಿಳಿಯದು. ದೂರು ವಿಭಾಗದ ಎಕ್ಸ್‌ಪ್ರೆಸ್ ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ.

ಆಕೆಯ ಬಲಗಿವಿಗೆ ಫೋನು, ಎಡಗಿವಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಯಂತ್ರದ ಧ್ವನಿ. ಒಂದರಲ್ಲಿ ನಲ್ಲಿ ಒಣಗಿದವರ ಬೈಗುಳ, ಇನ್ನೊಂದರಲ್ಲಿ ಬೀದಿಗಳ ಹೆಸರು. ಎರಡನ್ನೂ ಒಟ್ಟಿಗೇ ಕೇಳಿಸಿಕೊಳ್ಳುತ್ತ ಟೈಪು ಮಾಡುತ್ತಿದ್ದಳು. ಧ್ವನಿಯ ವೇಗವನ್ನು ಎಷ್ಟು ಏರಿಸಿಟ್ಟಿದ್ದಳೆಂದರೆ ಬೇರೆಯವರಿಗೆ ಅದು ಬರೀ ಚಟಪಟ ಸದ್ದು. ‘ಎಕ್ಸ್‌ಪ್ರೆಸ್’ ಎಂಬ ಅಡ್ಡಹೆಸರು ಬಂದದ್ದು ಅಲ್ಲಿಂದ. ಆ ಒರಟು ಗಂಡುದನಿಯನ್ನು ಆಕೆ ‘ಮಾವ’ ಎನ್ನುತ್ತಿದ್ದಳು. ಮದುವೆಯಾಗದೆಯೇ ಸಿಕ್ಕಿದ ಮಾವ.

“ಹೇಗಿದೆ ಅಕ್ಕ, ಹೊಸದು?” ಎಂದು ತಂತ್ರಜ್ಞ ಕೇಳಿದ.

“ಯಾರೋ ಇವಳು? ಬಾಯಲ್ಲಿ ಹತ್ತಿ ತುರುಕ್ಕೊಂಡು ಮಾತಾಡ್ತಾಳೆ. ಮಾವ ಎಲ್ಲಿ?”

“ಮಾವ ರಿಟೈರ್ ಆದ. ಇವಳು ಥೇಟ್ ಮನುಷ್ಯರ ಥರಾನೇ ಮಾತಾಡ್ತಾಳೆ, ಕೇಳಿ.”

“ಮನುಷ್ಯರ ಮಾತು ಈ ಕಿವೀಲಿ ಕೇಳಿ ಕೇಳಿ ಸಾಕಾಗಿದೆ ಕಣೋ. ಮಾವನ್ನೇ ಕರ್ಕೊಂಡು ಬಾ.”

ಅವನು ಹರಸಾಹಸ ಮಾಡಿ ಹಳೆಯ ಧ್ವನಿಯನ್ನು ಹೊಸ ವ್ಯವಸ್ಥೆಯೊಳಗೆ ಕೂರಿಸಿದ. ಆಕೆ ಕಿವಿಗೊಟ್ಟು ಕೇಳಿದಳು.

“ಹೂಂ, ಮಾವನೇ. ಆದ್ರೆ ಗಂಟಲು ಕಟ್ಟಿದೆ.”

ಅವನು ಇಯರ್‌ಫೋನ್ ಬದಲಿಸಿದ, ಒಳಗಿನ ಸೌಂಡ್ ಕಾರ್ಡನ್ನೂ ಬದಲಿಸಿದ. ತನ್ನ ಕಿವಿಗೆ ಇಟ್ಟುಕೊಂಡು ನೋಡಿದರೆ ದೋಷವೇನೂ ಕಾಣಲಿಲ್ಲ. ಆದರೆ ಆ ವೇಗದಲ್ಲಿ ಒಂದು ಪದವೂ ಅರ್ಥವಾಗದ ತನ್ನ ಕಿವಿಯ ಸಾಕ್ಷ್ಯಕ್ಕೆ ಬೆಲೆಯೇನು? ತಪ್ಪು ಹೊಸ ವ್ಯವಸ್ಥೆಯದೇ ಇರಬೇಕೆಂದು ತೀರ್ಮಾನಿಸಿದ. ಅದು ಬರುವವರೆಗೆ ಎಲ್ಲವೂ ಸರಿಯಿತ್ತಲ್ಲ.

ಆಮೇಲೆ ಒಂದು ದಿನ ಪೈಪು ಒಡೆದ ಬೀದಿಯ ಬದಲು ಆಕೆ ಬೇರೊಂದು ಬೀದಿಯನ್ನು ದಾಖಲಿಸಿದಳು. ಕೆಲಸಗಾರರು ಹೋಗಿ ತಪ್ಪು ರಸ್ತೆ ಅಗೆದರು. ಅತ್ತ ಒಡೆದ ಕಡೆ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತು. ಮೇಲಧಿಕಾರಿ ಕೆಂಡವಾದರು.

“ಕೆಲಸಕ್ಕೆ ಅನರ್ಹಳು ಅಂತ ಬರೆದು ಮನೆಗೆ ಕಳಿಸೋದೇ ಸರಿ.”

“ತಪ್ಪು ಅವರದ್ದಲ್ಲ ಸಾರ್,” ಎಂದ ತಂತ್ರಜ್ಞ. “ನಾನು ಹಾಕಿದ ಸಿಸ್ಟಮ್ ಅವರಿಗೆ ಹೊಂದ್ತಾ ಇಲ್ಲ.”

“ಹಾಗಂತ ಬರೆದು ಕೊಡ್ತೀಯಾ?”

ಬರೆದುಕೊಟ್ಟ. ಅವನ ಬಡ್ತಿ ಅಲ್ಲಿಗೇ ನಿಂತಿತು. ಆಕೆಯ ನೌಕರಿ ಉಳಿಯಿತು, ಫೋನು ಉಳಿಯಲಿಲ್ಲ. ಬಾಗಿಲ ಪಕ್ಕದಲ್ಲೊಂದು ಕುರ್ಚಿ, ಎದುರಿಗೆ ಬರಿದಾದ ಮೇಜು. ದಿನವಿಡೀ ಕೈಕಟ್ಟಿ ಕೂರುವುದೇ ಕೆಲಸವಾಯಿತು. ಅವನ ಹೆಜ್ಜೆಯ ಸದ್ದು ತೀರ ಹತ್ತಿರ ಬಂದಾಗ ಗುರುತು ಹಿಡಿಯುತ್ತಿದ್ದಳು.

“ನಿನ್ನ ಹೊಸ ಸಿಸ್ಟಮ್ ನನ್ನ ಬಾಯಿಗೆ ಮಣ್ಣು ಹಾಕ್ತು ನೋಡು.”

ನಗುತ್ತಲೇ ಹೇಳುತ್ತಿದ್ದಳು. ಅವನು ಮಾತ್ರ, ಆಕೆಗೆ ಕಾಣದೆಂಬುದನ್ನೂ ಮರೆತು, ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆ ಬಾಗಿಲನ್ನು ತಪ್ಪಿಸಲು ಹಿಂದಿನ ಮೆಟ್ಟಿಲು ಹತ್ತುವುದನ್ನು ಕ್ರಮೇಣ ರೂಢಿಸಿಕೊಂಡ. ಆಕೆ ಯಾರೊಂದಿಗೂ ಹೆಚ್ಚು ಮಾತಾಡದಾದಳು; ಕೊರಗಿನಿಂದ ಎಂದು ಎಲ್ಲರೂ ಭಾವಿಸಿದರು.

ಶ್ವಾಸಕೋಶದ ಸೋಂಕಿನಿಂದ ಆಕೆ ತೀರಿಕೊಂಡಾಗ ಅವನು ಮನೆಗೆ ಹೋದ. ಬಾಗಿಲಲ್ಲಿ ನಿಂತಿದ್ದ ಆಕೆಯ ಅಣ್ಣನ ಎದುರು, ಎಲ್ಲ ತನ್ನಿಂದಲೇ ಆದದ್ದೆಂದು ತೊದಲಿದ. ಅಣ್ಣ ಅವನನ್ನು ಒಳಗೆ ಕರೆದು ಕೂರಿಸಿದ.

“ನಿಮ್ಮಿಂದ ಏನೂ ಆಗಿಲ್ಲಪ್ಪ. ಅವಳ ಎಡಗಿವಿ ಮೊದಲೇ ಮುಕ್ಕಾಲು ಹೋಗಿತ್ತು, ಇನ್ನೊಂದೂ ಹೋಗ್ತಾ ಇತ್ತು. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ವಾಪಸ್ ಬರ್ತಾ ಬಸ್ಸಲ್ಲಿ ಹೇಳಿದ್ಲು, ಮುಂದಿನ ತಿಂಗಳು ಆಫೀಸಲ್ಲಿ ಕಂಪ್ಯೂಟರೆಲ್ಲ ಹೊಸದು ಮಾಡ್ತಾರಂತೆ, ಕೇಳಿಸದಿದ್ರೆ ಅದನ್ನೇ ದೂರಬಹುದು, ಸದ್ಯ ಬದುಕಿದೆ ಅಂತ.”