ಸಂಜೆ ಗಾಡಿಯ ಗಾದಿಲಿಂಗಮ್ಮ

ಗಾದಿಲಿಂಗಮ್ಮನನ್ನು ನಾನು ಮೊದಲು ಕಂಡದ್ದು ಆದೋನಿ ಸ್ಟೇಷನ್ನಿನಲ್ಲಿ, ದೀಪ ಹಚ್ಚುವ ಹೊತ್ತಿಗೆ. ಗಂಡ ತೀರಿಕೊಂಡ ಮೇಲೆ ಕೂಲಿ ಹುಡುಕಿಕೊಂಡು ಮದ್ದಿಕೇರದಿಂದ ಬಂದಿದ್ದೆ. ಗಾಡಿ ಇಳಿದು ನೋಡಿದರೆ, ತಲೆಗೂದಲು, ಹುಬ್ಬು, ಸೀರೆ ಎಲ್ಲ ಬೆಳ್ಳಗಿದ್ದ ಹೆಂಗಸೊಬ್ಬಳು ಒಂದೊಂದೇ ಕಿಟಕಿಯೊಳಗೆ ಇಣುಕುತ್ತ ಬರುತ್ತಿದ್ದಳು. ಕೈಯಲ್ಲಿದ್ದ ಗಂಟು ಜಾರಿತು.

“ಅಂಜಬ್ಯಾಡವ್ವ, ದೆವ್ವ ಅಲ್ಲ ಆಕಿ,” ಎಂದ ಹಮಾಲಿ ಬಜಾರಪ್ಪ. “ಹತ್ತಿ ಬೀಜ ತೆಗಿಯೋ ಜಿನ್ನು ಮಿಲ್ಲಿನಾಗ ಕೆಲಸ ಮಾಡಾಕಿ, ಮೈಮ್ಯಾಲಿಂದು ಅರಳಿ ಧೂಳು. ದೆವ್ವಕ್ಕ ಇಷ್ಟು ಕೆಮ್ಮು ಎಲ್ಲೈತಿ?”

ಮರುದಿನ ಅದೇ ಜಿನ್ನಿನಲ್ಲಿ ಆಕೆಯ ಪಕ್ಕದಲ್ಲೇ ನನಗೂ ಕೆಲಸ ಸಿಕ್ಕಿತು. ಆಕೆಯ ಗಂಡ ಲಡಾಯಿಗೆ ಹೋಗಿ ಎರಡು ವರ್ಷವಾಗಿತ್ತು. ಸುಗ್ಗಿಯ ಹೊತ್ತಿಗೆ ಸಂಜೆ ಗಾಡಿಗೆ ಬರುತ್ತೇನೆಂದು ಒಂದು ಕಾಗದ ಬರೆಸಿದ್ದ. ಯಾವ ದಿನವೆಂದು ಬರೆಸಿರಲಿಲ್ಲ. ಆಮೇಲೆ ಕಾಗದವೇ ಇಲ್ಲ. ಅವನ ಹೆಸರು ಯರ್ರೆಪ್ಪ ಎಂದು ನನಗೆ ಹೇಳಿದವನು ಬಜಾರಪ್ಪ. ಗಂಡನ ಹೆಸರನ್ನು ಆಕೆ ಒಮ್ಮೆಯೂ ಬಾಯಲ್ಲಿ ಆಡಲಿಲ್ಲ; ನಮ್ಮ ಕಡೆ ಹೆಂಡತಿಯರು ಆಡುವುದಿಲ್ಲ.

ದಿನಾ ಜಿನ್ನಿನ ಸೀಟಿ ಆದೊಡನೆ ಸ್ಟೇಷನ್ನಿಗೆ ಓಡುತ್ತಿದ್ದಳು.

“ಮಾರಿನಾದ್ರು ತೊಳಕೊಂಡು ಹೋಗ,” ಎಂದೆ ಒಂದು ದಿನ.

“ತೊಳಕೊಂತ ಕುಂತ್ರ ಗಾಡಿ ನಿಂದಿರತೈತೇನಕ್ಕ? ಅವರಿಗೆ ನಿದ್ದಿ ಭಾಳ. ಎಬ್ಬಸೋರಿಲ್ದಿದ್ರ ರಾಯಚೂರಿಗೆ ಹೋಗಿಬಿಡ್ತಾರ.”

ಬರಬರುತ್ತ ಆದೋನಿಯಲ್ಲಿ ಬಿಳಿ ದೆವ್ವವಿದೆಯೆಂದು ಗಾಡಿಯವರಲ್ಲಿ ಮಾತು ಹಬ್ಬಿತು. ಸ್ಟೇಷನ್ನು ಹತ್ತಿರವಾದರೆ ಸಾಕು, ಕಿಟಕಿಗಳ ಹಲಗೆ ದಡದಡ ಇಳಿಯುತ್ತಿದ್ದವು. ಹೆಸರು ಹಿಡಿದು ಕರೆಯುವಂತಿಲ್ಲ. ಆಕೆ ಹಲಗೆ ತಟ್ಟುತ್ತ, “ಏಳ್ರಿ, ಆದೋನಿ ಬಂತು,” ಎನ್ನುತ್ತ ಹೋಗುವಳು. ತಟ್ಟಿದಷ್ಟೂ ಒಳಗಿನವರು ಹಲಗೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು.

ಮುಂದಿನ ಸುಗ್ಗಿಗೆ ಅರಳೆಯ ಧೂಳು ಎದೆಗಿಳಿದು ಆಕೆ ಮಲಗಿಬಿಟ್ಟಳು. ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಗಾಡಿಯ ಹೊತ್ತಾದರೆ ಮಾತ್ರ ಬಾಗಿಲ ಕಡೆ ನೋಡುವಳು. ಅದನ್ನು ನೋಡಲಾರದೆ ನಾನು ಅರ್ಧ ದಿನ ಕೆಲಸ ಬಿಟ್ಟು, ಮೈ ತೊಳೆದು, ತಲೆ ಬಾಚಿಕೊಂಡು ಸ್ಟೇಷನ್ನಿಗೆ ಹೋದೆ. ಇಳಿದಿದ್ದ ಕೆಲವು ಹಲಗೆಗಳು ನನ್ನನ್ನು ಕಂಡು ಮೇಲೇರಿದವು. ಪ್ರತಿ ಕಿಟಕಿಯ ಮುಂದೆಯೂ ನಿಂತು “ಯರ್ರೆಪ್ಪಾ” ಎಂದು ಕರೆದೆ. ಯಾರೂ ಓಗೊಡಲಿಲ್ಲ.

ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಅಳಲಿಲ್ಲ. ನನ್ನ ಸೆರಗು ಹಿಡಿದು ಹತ್ತಿರ ಎಳೆದಳು.

“ಹೆಸರು ಹಿಡದು ಹೆಂಗ ಕರದ್ಯಕ್ಕ? ನನ್ನ ಮುಂದೊಮ್ಮೆ ಕರೀತೀಯೇನು?”