ಕೋಠಾರಿಯವರು ಬಂಗುಡೆಯನ್ನು ಹಲಸು ಮಾಡಿದ್ದು

ಧೀರಜಲಾಲ್ ಕೋಠಾರಿಯವರು ಅಂಜುಬುರುಕರು. ಐದು ಭಾಷೆ ಬಲ್ಲವರು, ಹನ್ನೊಂದು ಕನ್ನಡ ಪುಸ್ತಕಗಳನ್ನು ಗುಜರಾತಿಗೆ ತಂದವರು, ಎಲ್ಲ ಸರಿ. ಆದರೆ ಓದುಗರು ಮುಖ ಗಂಟಿಕ್ಕಿಯಾರೆಂಬ ಭಯದಲ್ಲೇ ಆ ಹನ್ನೊಂದನ್ನೂ ಬರೆದವರು. ಅವರ ಅನುವಾದಗಳಲ್ಲಿ ಕುಡುಕರು ಮಜ್ಜಿಗೆ ಕುಡಿದೇ ತೂರಾಡುತ್ತಾರೆ. ಓಡಿಹೋದ ಹುಡುಗಿಯರು ಸೋದರಮಾವನ ಮನೆಯಲ್ಲಿರುತ್ತಾರೆ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ತಂದೆಯದು ಬಟ್ಟೆ ಅಂಗಡಿ. ಮನೆಯಲ್ಲಿ ಗುಜರಾತಿ, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರಿಂದ ಮರಾಠಿ. ಹಿಂದಿ, ಇಂಗ್ಲಿಷ್ ಆಮೇಲೆ ಬಂದವು. ಎಪ್ಪತ್ತರ ದಶಕದಲ್ಲಿ ಹ್ಯೂಸ್ಟನ್ನಿಗೆ ಬಂದು, ತೈಲ ಕಂಪನಿಯೊಂದರಲ್ಲಿ ಪೈಪುಗಳ ನಕ್ಷೆ ಬರೆದು ನಿವೃತ್ತರಾದರು. ನಕ್ಷೆಯಲ್ಲಿ ಕಾಲಂಗುಲ ತಪ್ಪದ ಮನುಷ್ಯ ಕಥೆಯಲ್ಲಿ ಮಾತ್ರ ಮನಸ್ಸಿಗೆ ಬಂದ ಕಡೆ ಪೈಪು ತಿರುಗಿಸುವುದೇಕೆಂದು ಒಮ್ಮೆ ಕೇಳಿದೆ.

"ಪೈಪಿಗೆ ಓದುಗರಿಲ್ಲಲ್ರಿ ಬಾಯಾರ," ಎಂದರು. ಹುಬ್ಬಳ್ಳಿಯಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿಯ ಕೊನೆಯಲ್ಲಿ ಅವರು ನನ್ನ ಗೆಳತಿ ಲೀಲಾವತಿಯ ಕಥೆಗಳನ್ನು ಕೈಗೆತ್ತಿಕೊಂಡರು. ಲೀಲಾವತಿ ಕಾರವಾರದವಳು. ಬರೆದದ್ದು ಒಂದೇ ಪುಸ್ತಕ. ತೀರಿಕೊಳ್ಳುವ ಮುನ್ನ ಅದರ ಹಕ್ಕನ್ನು ನನಗೆ ಬರೆದುಕೊಟ್ಟಿದ್ದಳು. ಬೇರೆ ಯಾವ ಭಾಷೆಯವರೂ ಅದನ್ನು ಕೇಳಿರಲಿಲ್ಲ. ಓದಿದ ಮೇಲೆ ಒಪ್ಪಿಗೆಗೆ ಸಹಿ ಹಾಕುತ್ತೇನೆ ಎಂದೆ. ಕೋಠಾರಿಯವರು ನಕ್ಕರು. ಬರೋಡದಲ್ಲಿ ಒಂಬತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ನನಗೆ ಗುಜರಾತಿ ಓದಲು ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಮಾರ್ಚ್‌ನಲ್ಲಿ ಹಸ್ತಪ್ರತಿ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನ ನನ್ನ ಮಗಳ ಮನೆಗೆ ಬಂತು. ಮೊದಲ ಕಥೆಯಲ್ಲಿ ತಾಯಿ ದಿನವಿಡೀ ಬಂಗುಡೆ ಮೀನು ಸೀಳುತ್ತಾಳೆ. ಅದೇ ಕೈಯಲ್ಲಿ ಮಗಳಿಗೆ ಜಡೆ ಹಾಕುತ್ತಾಳೆ. ಶಾಲೆಯಲ್ಲಿ ಆ ಹುಡುಗಿಯ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ. ಕಥೆ ಇಷ್ಟೇ, ಹುಡುಗಿ ಲೀಲಾವತಿಯೇ. ಕೋಠಾರಿಯವರ ಗುಜರಾತಿಯಲ್ಲಿ ತಾಯಿ ಹಲಸಿನಹಣ್ಣು ಬಿಡಿಸುತ್ತಾಳೆ.

ಫೋನ್ ಮಾಡಿದೆ.

"ಹಲಸಿನಹಣ್ಣಿನ ವಾಸನೆಗೆ ಮಕ್ಕಳು ದೂರ ಹೋಗ್ತಾರೋ, ಹತ್ರ ಬರ್ತಾರೋ, ಕೋಠಾರಿಯವರೇ?"

"ನಿಮಗ ಗುಜರಾತಿ ಬರ್ತದೇನ್ರಿ?"

"ಬರುತ್ತೆ. ಉತ್ತರ ಹೇಳಿ."

"ಬಾಯಾರ, ನಾವು ಜೈನರು. ನಮ್ಮ ಓದುಗರೂ ಭಾಳಷ್ಟು ಅಂಥವರ. ಮೊದಲನೇ ಪುಟದಾಗ ಮೀನದ ಹೊಟ್ಟಿ ಸೀಳಿದ್ರ ಪುಸ್ತಕ ಮುಚ್ಚಿಡ್ತಾರ್ರಿ."

"ಮುಚ್ಚಿಡಲಿ."

"ಹಂಗಂದ್ರ ಹೆಂಗ್ರಿ? ಬಿಡುಗಡೆಗೆ ಡಲ್ಲಾಸ್‌ನಾಗ ಹಾಲ್ ಹಿಡದೇವಿ, ಆಮಂತ್ರಣ ಹೋಗ್ಯಾವ. ಲೀಲಾವತಿಯವರನ್ನ ನಾಕ್ ಮಂದಿ ಓದೋದು ಬ್ಯಾಡೇನು?"

"ಅವರು ಓದೋದು ಲೀಲಾವತೀನ ಅಲ್ಲ, ನಿಮ್ಮ ಹಲಸಿನಹಣ್ಣನ್ನ. ನಾನು ಸಹಿ ಹಾಕಲ್ಲ."

"ಬಂಗುಡಿ ಎಷ್ಟುದ್ದ ಇರ್ತದಂತ ಸುದ್ದಾ ನನಗ ಗೊತ್ತಿಲ್ರಿ," ಎಂದು ಗೊಣಗಿ ಫೋನ್ ಇಟ್ಟರು.

ಆಮೇಲೆ ಮೂರು ವಾರ ಸಂಧಾನದ ಕಾಗದಗಳು. ತಾಯಿ ಹಿಂಗು ಕುಟ್ಟುವವಳಾಗಬಹುದೇ? ಆಗಬಾರದು ಎಂದೆ. ಹೆಸರು ಹೇಳದೆ 'ಸಮುದ್ರದ ಪದಾರ್ಥ' ಎಂದರೆ? ಉಪ್ಪು ಎಂದುಕೊಳ್ಳುತ್ತಾರೆ ಎಂದು ಬರೆದೆ. ಹಿಂದೆ ತಿದ್ದಿದ ಪುಸ್ತಕಗಳ ಲೇಖಕರು ಯಾರೂ ಹೀಗೆ ತಕರಾರು ಮಾಡಿರಲಿಲ್ಲ ಎಂದು ಒಂದು ಕಾಗದದಲ್ಲಿ ದೂರಿದರು. ಆ ಲೇಖಕರಿಗೆ ಗುಜರಾತಿ ಬರುತ್ತಿರಲಿಲ್ಲ, ಅಷ್ಟೆ.

"ಅಮ್ಮಾ, ಪಾಪ, ವಯಸ್ಸಾದವರು," ಎಂದಳು ಮಗಳು ಅನಘಾ.

"ನನಗೂ ಆಗಿದೆ," ಎಂದೆ.

ಏಪ್ರಿಲ್ ಕೊನೆಯ ಶನಿವಾರ ಕೋಠಾರಿಯವರು ಹ್ಯೂಸ್ಟನ್ನಿನಿಂದ ತಾವೇ ಡ್ರೈವ್ ಮಾಡಿಕೊಂಡು ಬಂದರು. ಮೂರು ಗಂಟೆಯ ದಾರಿಗೆ ಐದು ಗಂಟೆ ತೆಗೆದುಕೊಂಡಿದ್ದರು. ಕೂರಲೂ ಇಲ್ಲ.

"ಅನಘಾ, ಇಲ್ಲೆ ಮೀನದ ಅಂಗಡಿ ಎಲ್ಲೈತವಾ?"

"ಹ್ಯೂಸ್ಟನ್‌ನಲ್ಲಿ ಬೇಕಾದಷ್ಟಿದೆಯಲ್ಲ ಅಂಕಲ್?"

"ಅಲ್ಲೆ ನಮ್ಮ ಮಂದಿ ಅದಾರವಾ. ಯಾರರ ನೋಡಿದ್ರ, ನಾ ಮನಿ ಮುಟ್ಟೂದ್ರಾಗ ಫೋನ್ ಬಂದಿರ್ತದ."

ಅಂಜುಬುರುಕತನಕ್ಕೆ ಬೇರೆ ಪುರಾವೆ ಬೇಕಿಲ್ಲ ಎಂದುಕೊಂಡೇ ಅನಘಾಳ ಕಾರು ಹತ್ತಿದೆ.

ಉತ್ತರ ಆಸ್ಟಿನ್ನಿನ ವಿಯೆಟ್ನಾಮಿನವರ ಅಂಗಡಿಗೆ ಹೋದೆವು. ಹಿಂಭಾಗದಲ್ಲಿ ಮಂಜುಗಡ್ಡೆಯ ಮೇಲೆ ಮೀನುಗಳಿದ್ದವು. ಕೋಠಾರಿಯವರು ಕರವಸ್ತ್ರದಿಂದ ಮೂಗು ಮುಚ್ಚಿ, ಬಂಗುಡೆಯನ್ನು ನಿಧಾನವಾಗಿ ಸೀಳಿ ತೋರಿಸಬೇಕೆಂದು ಅಲ್ಲಿದ್ದ ಹೆಂಗಸನ್ನು ಇಂಗ್ಲಿಷಿನಲ್ಲಿ ಕೇಳಿಕೊಂಡರು. ಅವಳು ಕಿವಿರು ಕಿತ್ತಳು, ಹೊಟ್ಟೆ ಸೀಳಿದಳು. ಇವರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದರು. ನಡುವೆ ಒಮ್ಮೆ ಹೊರಗೆ ಹೋಗಿ ಗೋಡೆ ಹಿಡಿದು ನಿಂತರು. ಇನ್ನು ಬರುವುದಿಲ್ಲ ಎಂದುಕೊಂಡೆ. ಬಂದರು. ಕರವಸ್ತ್ರವನ್ನೂ ನೋಟುಬುಕ್ಕನ್ನೂ ಜೇಬಿಗೆ ಹಾಕಿ, ತೋಳು ಮೇಲೇರಿಸಿ, ಇನ್ನೊಂದು ಮೀನನ್ನು ತಮ್ಮ ಕೈಗೆ ಕೊಡುವಂತೆ ಕೇಳಿದರು. ಅವಳು ಸೀಳಿಕೊಟ್ಟ ಹೊಟ್ಟೆಯೊಳಗೆ ಬೆರಳು ಹಾಕಿ ಕರುಳು ತೆಗೆದರು. ಮೀನು ಮುಟ್ಟದ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಕೈ ತೊಳೆಯಲೆಂದು ಮೂಲೆಯ ನಲ್ಲಿ ತೋರಿಸಿದೆ.

"ಈಗ ಬ್ಯಾಡ್ರಿ," ಎಂದರು.

ಅನಘಾ ಕಾರಿನ ನಾಲ್ಕೂ ಕಿಟಕಿ ಇಳಿಸಿದಳು. ಹಿಂದಿನ ಸೀಟಿನಲ್ಲಿ ಕೋಠಾರಿಯವರು ಕೈಯನ್ನು ಮುಖದ ಹತ್ತಿರ ತಂದು ಮೂಸಿದರು. ತೊಡೆಯ ಮೇಲಿದ್ದ ನೋಟುಬುಕ್ಕಿನಲ್ಲಿ ಗುಜರಾತಿಯಲ್ಲಿ ಒಂದು ಸಾಲು ಬರೆದರು, ಹೊಡೆದುಹಾಕಿದರು, ಮತ್ತೆ ಮೂಸಿದರು.